ಪದಚರ್ಚೆ: ‘ಮಾರ್ಕರ್’ ಲಕ್ಷಣವೋ, ಸೂಚಕವೋ? ‘ಎಂಒಎಂ’ಗೆ ಏನನ್ನೋಣ?

ಪ್ರಶ್ನೆ:
ಬಲ್ಲವರಿಗೆ ನಮಸ್ಕಾರ. ಗರ್ಭಿಣಿಯರಿಗಾಗಿ ಬರೆದ ಕೈಪಿಡಿಯ ಕರಡಿನಲ್ಲಿ ಹೀಗಿದೆ: “ಬಸಿರುನಂಜನ್ನು ಆರಂಭದಲ್ಲೇ ಪತ್ತೆಹಚ್ಚುವ ರಕ್ತದ ಲಕ್ಷಣಗಳು: ಪಿಎಪಿಪಿ-ಎ ಮತ್ತು ಪಿಎಲ್‌ಜಿಎಫ್ 0.5 ಎಂಒಎಂಗಿಂತ ಕಡಿಮೆ ಇರುವುದು.” ಪಿಎಪಿಪಿ-ಎ, ಪಿಎಲ್‌ಜಿಎಫ್ ಎರಡೂ ಮಾಸುವಿನಲ್ಲಿ ಹುಟ್ಟುವ ಪ್ರೋಟೀನುಗಳು. ಇಂಗ್ಲಿಷಿನ ‘ಮಾರ್ಕರ್’ಗೆ ‘ಲಕ್ಷಣ’ ಒಪ್ಪುತ್ತದೆಯೇ? ‘ಎಂಒಎಂ’ (ಮಲ್ಟಿಪಲ್ಸ್ ಆಫ್ ದಿ ಮೀಡಿಯನ್) ಅನ್ನು ‘ಸರಾಸರಿಯ ಪಟ್ಟು’ ಎಂದು ಬಿಡಿಸಬಹುದೇ? ಪ್ರೀಎಕ್ಲಾಂಪ್ಸಿಯಾಕ್ಕೆ (ಬಸಿರಿನಲ್ಲಿ ರಕ್ತದೊತ್ತಡ ಏರಿ ಅಂಗಗಳಿಗೆ ಹಾನಿ ಮಾಡಬಲ್ಲ ರೋಗ) ‘ಬಸಿರುನಂಜು’ ಸಾಕಲ್ಲವೇ?

ಉತ್ತರ:
‘ಲಕ್ಷಣ’ಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ‘ಪತ್ತೆಹಚ್ಚುವ’. ಈ ರಕ್ತ ತೆಗೆಯುವುದು 11 ವಾರದಿಂದ 13 ವಾರ 6 ದಿನದೊಳಗೆ. ರೋಗ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 20 ವಾರ ದಾಟಿದ ಮೇಲೆ. ಇನ್ನೂ ಕಾಣಿಸಿಕೊಳ್ಳದ ರೋಗವನ್ನು ಪತ್ತೆಹಚ್ಚುವುದೆಲ್ಲಿಂದ ಬಂತು? ಇದು ಅಪಾಯದ ಮುನ್ನಂದಾಜು, ಅಷ್ಟೇ. ‘ಲಕ್ಷಣ’ವನ್ನು ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆಯ ನೋವು ಇಂಥವಕ್ಕೆ ಉಳಿಸಿಕೊಳ್ಳಿ, ರಕ್ತದ ಪ್ರೋಟೀನುಗಳಿಗೆ ‘ಸೂಚಕ’ ಸರಿಹೊಂದುತ್ತದೆ.

‘ಆರಂಭದಲ್ಲೇ’ ಯಾವುದರ ಆರಂಭ? ಬಸಿರಿನದೋ, ರೋಗದ್ದೋ? 34 ವಾರಕ್ಕೆ ಮೊದಲೇ ಕಾಣಿಸುವ ಬಗೆಗೂ ‘ಆರಂಭಿಕ’ ಎಂದೇ ಬರೆಯುವವರಿದ್ದಾರೆ. ‘ಬಸಿರಿನ 11ರಿಂದ 13ನೇ ವಾರದಲ್ಲಿ’ ಎಂದು ಬಿಡಿಸಿ ಹೇಳಿ.

‘ಸರಾಸರಿಯ ಪಟ್ಟು’ ತಪ್ಪು. ಅದು ಮೀಡಿಯನ್, ಗಣಿತದ ಪಠ್ಯಗಳ ‘ಮಧ್ಯಾಂಕ’: ಅಳತೆಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಅಂಕಿ. ಕೆಲವೇ ಜನರಲ್ಲಿ ಈ ಪ್ರೋಟೀನುಗಳು ವಿಪರೀತ ಹೆಚ್ಚಿದ್ದು ಸರಾಸರಿಯನ್ನು ಮೇಲಕ್ಕೆ ಎಳೆಯುತ್ತವೆ. ಮಧ್ಯಾಂಕ ಅಷ್ಟು ಅಲುಗಾಡುವುದಿಲ್ಲ. ಅದೇ ವಾರದ ಗರ್ಭಿಣಿಯರ ಮಧ್ಯಾಂಕ 40, ಈಕೆಯದು 20 ಎಂದುಕೊಳ್ಳಿ, ಆಗ 0.5, ಅಂದರೆ ‘ಮಧ್ಯಾಂಕದ ಅರ್ಧಪಟ್ಟು’. ಇಲ್ಲೇ ಲೆಕ್ಕ ಕೆಡುವುದು. ಈ ಎರಡೂ ಪ್ರೋಟೀನು ಆ ಅವಧಿಯಲ್ಲಿ ವಾರವಾರಕ್ಕೂ ಏರುತ್ತವೆ. 11 ವಾರದ ಬಸಿರನ್ನು 13 ಎಂದು ಬರೆದುಕೊಂಡರೆ ಸರಿಯಾಗಿರುವ ಮಟ್ಟವೂ ಕಡಿಮೆ ಎಂದು ಕಾಣುತ್ತದೆ. ಆದ್ದರಿಂದ ಸ್ಕ್ಯಾನ್‌ನಲ್ಲಿ ಭ್ರೂಣದ ಉದ್ದ ಅಳೆದು ವಾರ ಗೊತ್ತುಮಾಡಬೇಕು. ತೂಕ ಹೆಚ್ಚಿದ್ದರೆ ಪ್ರೋಟೀನು ತೆಳುವಾಗಿ ಕಾಣುತ್ತದೆ. ಧೂಮಪಾನಿಗಳಲ್ಲಿ ಪಿಎಲ್‌ಜಿಎಫ್ ಹೆಚ್ಚಿರುತ್ತದೆ. ಇವಕ್ಕೆಲ್ಲ ತಿದ್ದುಪಡಿ ಮಾಡಿದ ಮೇಲಷ್ಟೇ ‘ಪಟ್ಟು’ಗೆ ಅರ್ಥ. ಹೀಗಾಗಿ 0.5 ಅನ್ನು ಗಡಿಗೆರೆಯಂತೆ ಬರೆಯಲೇಬೇಡಿ. ತಾಯಿಯ ಹಿನ್ನೆಲೆ, ರಕ್ತದೊತ್ತಡ, ಗರ್ಭಕೋಶದ ಅಪಧಮನಿಯ ಡಾಪ್ಲರ್ (ರಕ್ತದ ಹರಿವನ್ನು ನೋಡುವ ಸ್ಕ್ಯಾನ್), ಪಿಎಲ್‌ಜಿಎಫ್ ಎಲ್ಲವನ್ನೂ ಸೇರಿಸಿ ಅಪಾಯ ಲೆಕ್ಕ ಹಾಕುತ್ತಾರೆ. ಪಿಎಪಿಪಿ-ಎ ಒಂದನ್ನೇ ನಂಬಿದರೆ ಬಹಳ ಮಂದಿ ತಪ್ಪಿಹೋಗುತ್ತಾರೆ.

ಆ ಲೆಕ್ಕದಲ್ಲಿ ರಕ್ತದೊತ್ತಡಕ್ಕೆ ಬಳಸುವ ‘ಸರಾಸರಿ ಅಪಧಮನಿ ಒತ್ತಡ’ವೂ ಅದರ ಎರಡು ಅಂಕಿ ಕೂಡಿಸಿ ಎರಡರಿಂದ ಭಾಗಿಸಿದ್ದಲ್ಲ. ಕೆಳಗಿನ ಅಂಕಿಗೆ ಎರಡರ ಅಂತರದ ಮೂರನೇ ಒಂದು ಭಾಗ ಸೇರಿಸಬೇಕು: 120/80 ಇದ್ದರೆ ಸುಮಾರು 93.

‘ನಂಜು’ ಬೇಡವೆನ್ನುತ್ತೇನೆ. ರಕ್ತದಲ್ಲಿ ವಿಷವಿದೆಯೆಂದು ನಂಬಿದ್ದ ಕಾಲದ ‘ಟಾಕ್ಸೀಮಿಯ’ದ ನೆರಳು ಅದು, ಅಂಥ ವಿಷ ಸಿಗಲಿಲ್ಲ. ಇಂದಿನ ಓದುಗರಂತೂ ಕೀವು, ಸೋಂಕು ಎಂದೇ ತಿಳಿದಾರು.

ಇನ್ನೊಬ್ಬರು:
ಒಪ್ಪಿದೆ, ಎರಡು ಸೇರ್ಪಡೆ. 2017ರ ಆಸ್ಪ್ರೆ ಪ್ರಯೋಗದಲ್ಲಿ 100ಕ್ಕೆ 1ಕ್ಕಿಂತ ಹೆಚ್ಚಿನ ಅಪಾಯವಿದ್ದವರಿಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಅನ್ನು 36 ವಾರದವರೆಗೆ ಕೊಟ್ಟಾಗ, 37 ವಾರಕ್ಕೆ ಮೊದಲೇ ಹೆರಿಗೆಯಾಗುವ ಬಗೆಯ ರೋಗ ಶೇ 4.3ರಿಂದ ಶೇ 1.6ಕ್ಕೆ ಇಳಿಯಿತು. ಆದರೆ ‘ನೂರಕ್ಕೊಂದು’ ಎಂದು ಬರೆದರೆ ನಮ್ಮ ಮಾತಿನಲ್ಲಿ ‘ಅಪರೂಪ’ ಎಂದಾಗುತ್ತದೆ. ‘ಇಂಥ 100 ಮಂದಿಯಲ್ಲಿ ಒಬ್ಬರಿಗೆ’ ಎಂದು ಬಿಡಿಸಿ, ಅದನ್ನು ಹೆಚ್ಚಿನ ಅಪಾಯವೆಂದು ಎಣಿಸುತ್ತಾರೆಂದೂ ತಿಳಿಸಿ.

ಎಸ್‌ಫ್ಲ್ಟ್-1 (ಪಿಎಲ್‌ಜಿಎಫ್‌ನ ಕೆಲಸವನ್ನು ತಡೆಯುವ ಪ್ರೋಟೀನು) ಮತ್ತು ಪಿಎಲ್‌ಜಿಎಫ್ ಅನುಪಾತವನ್ನು ಈ ಪುಟಕ್ಕೆ ತರಬೇಡಿ. ಅದರ 38 ಎಂಬ ಅಂಕಿ ಬಸಿರಿನ ಉತ್ತರಾರ್ಧದಲ್ಲಿ ರೋಗದ ಅನುಮಾನವಿದ್ದವರಿಗೆ: ಅಷ್ಟು ಅಥವಾ ಕಡಿಮೆಯಿದ್ದರೆ ಮುಂದಿನ ಒಂದು ವಾರದಲ್ಲಿ ರೋಗ ಬರುವ ಸಂಭವ ತೀರಾ ಕಡಿಮೆ.

ನಿಮ್ಮ ವಾಕ್ಯ ಹೀಗಿರಲಿ: “ಬಸಿರಿನ 11ರಿಂದ 13ನೇ ವಾರದಲ್ಲಿ ರಕ್ತದ ಪಿಎಲ್‌ಜಿಎಫ್ ಮಟ್ಟವನ್ನು ಇತರ ಅಳತೆಗಳೊಂದಿಗೆ ನೋಡಿ, ಮುಂದೆ ಪ್ರೀಎಕ್ಲಾಂಪ್ಸಿಯಾ ಬರುವ ಅಪಾಯ ಎಷ್ಟೆಂದು ಅಂದಾಜಿಸುತ್ತಾರೆ.”