ಪದಚರ್ಚೆ: ‘ನ್ಯಾನೊ’ ಅಳತೆಯೋ, ಗುಣವೋ? ಕೆಲವು ಪದಗಳು ಬೇಕಾಗಿವೆ

ಬಳಗದ ಹಿರಿಯರಿಗೂ ಗೆಳೆಯರಿಗೂ ಶಿರಸಿಯಿಂದ ನಮಸ್ಕಾರ.

ನಮ್ಮ ಭಾಗದ ಅಡಿಕೆ ಬೆಳೆಗಾರರಿಗಾಗಿ ನ್ಯಾನೊ ತಂತ್ರಜ್ಞಾನವನ್ನು ಪರಿಚಯಿಸುವ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಬರವಣಿಗೆ ನಿಂತಿರುವುದು ವಿಜ್ಞಾನದ ಬಳಿಯಲ್ಲ, ಪದಗಳ ಬಳಿ. ಗೊಬ್ಬರದ ಅಂಗಡಿಯಲ್ಲಿ ನ್ಯಾನೊ ಯೂರಿಯಾ, ಬಣ್ಣದ ಅಂಗಡಿಯಲ್ಲಿ ನ್ಯಾನೊ ಲೇಪ, ಮೊಬೈಲ್ ಅಂಗಡಿಯಲ್ಲಿ ನ್ಯಾನೊ ಸಿಮ್ ಇವೆ. ಸಿಮ್ಮಿನಲ್ಲಿ ಆ ಪದಕ್ಕೆ ‘ಪುಟ್ಟದು’ ಎಂಬಷ್ಟೇ ಅರ್ಥ, 12.3 ಮಿಲಿಮೀಟರ್ ಉದ್ದದ ಆ ತುಣುಕನ್ನು ನ್ಯಾನೊಮೀಟರಿನಲ್ಲಿ ಅಳೆಯುವ ಪ್ರಮೇಯವೇ ಇಲ್ಲ. ಬಣ್ಣದ ಡಬ್ಬಿಯ ಮೇಲೆ ಅದು ಬಹುಮಟ್ಟಿಗೆ ಹೊಗಳಿಕೆ. ಗೊಬ್ಬರದ ಬಾಟಲಿಯ ಮೇಲೆ ಮಾತ್ರ ಕಣದ ಗಾತ್ರವನ್ನು ಹೇಳುವ ಅಳತೆ.

ಮೂಲದಲ್ಲಿ ಅದು ಅಳತೆಯೇ. ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರದಿಂದ ಒಂದು ಲಕ್ಷ ನ್ಯಾನೊಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಒಳಗಿನ ವಸ್ತುಗಳಿಗೆ ಈ ಹೆಸರು ಸಲ್ಲುತ್ತದೆ. ‘ನ್ಯಾನೊ ತಂತ್ರಜ್ಞಾನ’ ಎಂಬ ಪದವನ್ನು 1974ರಲ್ಲಿ ಬಳಕೆಗೆ ತಂದವರು ಜಪಾನಿನ ನೋರಿಯೊ ತನಿಗುಚಿ. ವಸ್ತುಗಳು ಅದಕ್ಕಿಂತ ಹಳೆಯವು: ಟೈರಿನ ರಬ್ಬರಿಗೆ ಗಟ್ಟಿತನ ಕೊಡುವ ಇಂಗಾಲದ ಕಪ್ಪು ಹುಡಿಯ ಕಣಗಳು ಇದೇ ಗಾತ್ರದವು. ದೀಪದ ಹೊಗೆಗೆ ತಟ್ಟೆ ಹಿಡಿದು ಕಾಡಿಗೆ ಮಾಡುವ ನಮ್ಮ ಅಜ್ಜಿಯರ ಕೈಗೆ ಹತ್ತಿದ ಮಸಿಯ ಕಣಗಳೂ ಅವೇ.

ಇದಕ್ಕೆ ಕನ್ನಡದಲ್ಲಿ ಏನೆನ್ನೋಣ? ಕೆಲವರು ‘ಅಣುತಂತ್ರ’ ಎಂದು ಸೂಚಿಸಿದರು. ಕೇಳಲು ಚೆನ್ನಾಗಿದೆ, ಆದರೆ ನಮ್ಮ ಜಿಲ್ಲೆಯಲ್ಲಿ ನಡೆಯುವುದಿಲ್ಲ. ಪಠ್ಯಪುಸ್ತಕದಲ್ಲಿ ಅಣು ಬೇರೆ, ಪರಮಾಣು ಬೇರೆ. ಪತ್ರಿಕೆಗಳಲ್ಲಿ ಅಣುಬಾಂಬು, ಅಣುಸ್ಥಾವರ. ಕಾರವಾರ ತಾಲೂಕಿನಲ್ಲಿ ಕಾಳಿ ನದಿಯ ದಂಡೆಯ ಮೇಲೆ ಕೈಗಾ ಸ್ಥಾವರ ನಿಂತಿರುವಾಗ, ‘ಅಣುಗೊಬ್ಬರ’ ಎಂದು ಬರೆದ ಬಾಟಲಿಯನ್ನು ಇಲ್ಲಿ ಯಾರು ಮುಟ್ಟುತ್ತಾರೆ?

‘ಅತಿಸೂಕ್ಷ್ಮ’ ಎಂಬುದು ಎರಡನೆಯ ಸೂಚನೆ. ಅದರಲ್ಲಿ ತೊಡಕು ಇನ್ನೂ ಹೆಚ್ಚು. ಸತು, ಬೋರಾನ್ ಮೊದಲಾದವನ್ನು ನಾವು ಸೂಕ್ಷ್ಮ ಪೋಷಕಾಂಶ ಎನ್ನುತ್ತೇವೆ. ಅಲ್ಲಿ ಸೂಕ್ಷ್ಮ ಎಂದರೆ ಗಿಡಕ್ಕೆ ಬೇಕಾದ ಪ್ರಮಾಣ ಅತ್ಯಲ್ಪ ಎಂದರ್ಥ. ಕಣದ ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಅತಿಸೂಕ್ಷ್ಮ ಯೂರಿಯಾ’ ಎಂದರೆ ರೈತರು ಅದನ್ನು ಆ ಸಾಲಿಗೇ ಸೇರಿಸುತ್ತಾರೆ. ಹಾಗಾಗಿ ಲೀಟರ್, ಮೀಟರ್‌ಗಳನ್ನು ಒಪ್ಪಿಕೊಂಡ ಹಾಗೆಯೇ ‘ನ್ಯಾನೊ’ವನ್ನೂ ಒಪ್ಪಿಕೊಳ್ಳಬೇಕು, ಅದನ್ನು ಅಳತೆಯಾಗಿ ಮಾತ್ರ ಬಳಸಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕನ್ನಡ ಪದಗಳು ಬೇಕಾಗಿರುವುದು ಆ ಅಳತೆಯಲ್ಲಿ ವಸ್ತು ಏನು ಮಾಡುತ್ತದೆ ಎಂದು ಹೇಳುವುದಕ್ಕೆ.

ಏಕೆಂದರೆ ಈ ತಂತ್ರಜ್ಞಾನದ ಭರವಸೆಯೆಲ್ಲ ಇರುವುದು ಅಲ್ಲಿಯೇ. ಒಂದು ಸೆಂಟಿಮೀಟರ್ ಘನದ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ ತೋಟದಷ್ಟು! ರಾಸಾಯನಿಕ ಕ್ರಿಯೆ ನಡೆಯುವುದು ಹೊರಮೈಯಲ್ಲಾದ್ದರಿಂದ ಸ್ವಲ್ಪ ವಸ್ತುವಿನಿಂದಲೇ ಹೆಚ್ಚು ಕೆಲಸ ಆಗುತ್ತದೆ. ಗುಣವೂ ಬದಲಾಗುತ್ತದೆ. ಇಪ್ಪತ್ತು ನ್ಯಾನೊಮೀಟರಿನ ಚಿನ್ನದ ಕಣಗಳು ತೇಲುವ ನೀರು ಕೆಂಪಾಗಿ ಕಾಣುತ್ತದೆ. ಕೆಲವು ಹೊಸ ಟಿವಿಗಳಲ್ಲಿ ಬಳಸುವ ಕ್ವಾಂಟಮ್ ಚುಕ್ಕಿಗಳು (ಕೆಲವೇ ನ್ಯಾನೊಮೀಟರ್ ಗಾತ್ರದ ಅರೆವಾಹಕ ಕಣಗಳು) ಒಂದೇ ವಸ್ತುವಿನವಾದರೂ ಚಿಕ್ಕವು ನೀಲಿ, ದೊಡ್ಡವು ಕೆಂಪು ಬೆಳಕು ಬೀರುತ್ತವೆ. ಅವುಗಳ ಶೋಧಕ್ಕೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ‘ಮೇಲ್ಮೈ ವಿಸ್ತೀರ್ಣ’ ಎಂಬ ಪಠ್ಯಪುಸ್ತಕದ ಮಾತಿಗಿಂತ ‘ಹೊರಮೈ’ ನನಗೆ ಹಿಡಿಸಿದೆ. ಯಾರದಾದರೂ ಆಕ್ಷೇಪವಿದೆಯೇ?

ಇನ್ನು ನ್ಯಾನೊ ಯೂರಿಯಾ. ಇಲ್ಲಿ ನನ್ನನ್ನು ಕಾಡಿದ್ದು ‘ಸಮ’ ಎಂಬ ಎರಡಕ್ಷರ. 2021ರಲ್ಲಿ ಬಂದ ಅರ್ಧ ಲೀಟರಿನ ಬಾಟಲಿ 45 ಕಿಲೋ ಯೂರಿಯಾ ಚೀಲಕ್ಕೆ ಸಮ ಎಂದು ಪ್ರಚಾರವಾಯಿತು. ಯಾವುದರಲ್ಲಿ ಸಮ? ಶೇಕಡಾ 4ರಷ್ಟು ಸಾರಜನಕವಿದ್ದ ಆ ಬಾಟಲಿಯಲ್ಲಿ ಇದ್ದದ್ದು 20 ಗ್ರಾಂ ಸಾರಜನಕ. ಶೇಕಡಾ 46ರ ಯೂರಿಯಾ ಚೀಲದಲ್ಲಿ 20 ಕಿಲೋಗೂ ಹೆಚ್ಚು. ಬೆಳೆಯ ಮೇಲಿನ ಪರಿಣಾಮದಲ್ಲಿ ಸಮ ಎಂಬುದು ತಯಾರಕರ ವಾದ, ಅದನ್ನು ಒಪ್ಪದ ಕೃಷಿ ವಿಜ್ಞಾನಿಗಳೂ ಇದ್ದಾರೆ. ಕನ್ನಡದಲ್ಲಿ ‘ಸಮ’ ಎಂದೊಡನೆ ತಕ್ಕಡಿ ಕಣ್ಣಿಗೆ ಕಟ್ಟುತ್ತದೆ. ‘ಚೀಲದ ಬದಲಿಗೆ ಬಳಸಬಹುದೆಂದು ತಯಾರಕರು ಹೇಳುತ್ತಾರೆ’ ಎಂದು ಉದ್ದವಾಗಿಯೇ ಬರೆಯುವುದು ಬೆಳೆಗಾರರಿಗೆ ನಾವು ತೋರಬೇಕಾದ ಪ್ರಾಮಾಣಿಕತೆ.

ಆ ಬಾಟಲಿಯನ್ನು ಏನೆಂದು ಕರೆಯುವುದು ಎಂಬುದೂ ಬಗೆಹರಿದಿಲ್ಲ. ನಮ್ಮಲ್ಲಿ ಗೊಬ್ಬರವನ್ನು ‘ಹಾಕುತ್ತಾರೆ’, ಮದ್ದನ್ನು ‘ಹೊಡೆಯುತ್ತಾರೆ’. ಲೀಟರ್ ನೀರಿಗೆ 2ರಿಂದ 4 ಮಿಲಿಲೀಟರ್ ಬೆರೆಸಿ ಪಂಪಿನಲ್ಲಿ ಹೊಡೆಯುವುದರಿಂದ ಇದೂ ಮದ್ದಿನ ಸಾಲಿಗೆ ಸೇರಿಬಿಡುತ್ತದೆ. ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಹೊಡೆಯುವ ಕೊನೆಗೌಡರು (ಅಡಿಕೆ ಮರ ಹತ್ತುವ ಕೆಲಸಗಾರರು) ಇದನ್ನೂ ಅಡಿಕೆ ಗೊನೆಗೇ ಹೊಡೆದರೆ ಆಶ್ಚರ್ಯವಿಲ್ಲ, ಹೊಡೆಯಬೇಕಾದದ್ದು ಎಲೆಗೆ. ‘ಎಲೆಗೊಬ್ಬರ’ ಎನ್ನೋಣವೆಂದರೆ, ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಗೊಬ್ಬರ ಮಾಡುವ ಸೀಮೆ ಇದು, ಇಲ್ಲಿ ಆ ಪದಕ್ಕೆ ಬೇರೆಯೇ ಅರ್ಥ ಬರುತ್ತದೆ. ‘ಪರ್ಣಪೋಷಕ’ ಯಾರ ಬಾಯಿಗೂ ಹತ್ತುವುದಿಲ್ಲ. ಸದ್ಯ ‘ಎಲೆಗೆ ಹೊಡೆಯುವ ಗೊಬ್ಬರ’ ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕ ಪದ ಇದ್ದರೆ ದಯವಿಟ್ಟು ಕೊಡಿ.

ಬಣ್ಣ, ಲೇಪಗಳ ವಿಷಯದಲ್ಲಿ ನಮಗೆ ನೆರವಾಗುವುದು ಹಿತ್ತಲಿನ ಕೆಸುವು. ಪತ್ರೊಡೆಗೆ ಕೊಯ್ಯುವ ಎಲೆಯ ಮೇಲೆ ಮಳೆಹನಿ ಹರಡದೆ ಗುಂಡಾಗಿ ನಿಂತು, ಎಲೆ ತುಸು ಓರೆಯಾದರೂ ಧೂಳನ್ನು ಎತ್ತಿಕೊಂಡು ಉರುಳುತ್ತದೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಉಬ್ಬುಗಳು, ಅವುಗಳ ಮೇಲೆ ನ್ಯಾನೊ ಅಳತೆಯ ಮೇಣದ ಹರಳುಗಳು. ಹನಿ ಆ ತುದಿಗಳ ಮೇಲೆ ನಿಲ್ಲುತ್ತದೆ, ಅಡಿಯಲ್ಲಿ ಗಾಳಿ ಇರುತ್ತದೆ. ತಾವರೆ ಎಲೆಯಲ್ಲಿ ಈ ಗುಟ್ಟನ್ನು ಬಿಡಿಸಿದವರು ಜರ್ಮನಿಯ ವಿಲ್ಹೆಲ್ಮ್ ಬಾರ್ಥ್‌ಲಾಟ್. ಅದನ್ನು ಅನುಸರಿಸಿದ ಹೊರಗೋಡೆಯ ಬಣ್ಣ 1999ರಲ್ಲಿ ಅಲ್ಲಿ ಮಾರುಕಟ್ಟೆಗೆ ಬಂದಿತು. ಮಳೆಗಾಲ ಮುಗಿಯುವುದರೊಳಗೆ ಗೋಡೆಗೆಲ್ಲ ಪಾಚಿ ಹತ್ತುವ ನಮ್ಮ ಊರುಗಳಿಗೆ ಇದು ಸಣ್ಣ ವಿಷಯವಲ್ಲ. ಈ ಗುಣಕ್ಕೆ ‘ಜಲವಿಕರ್ಷಕ’ ಎಂಬ ಪದವಿದೆ. ‘ನೀರಂಟದ’ ಸಾಕಲ್ಲವೇ? ‘ನೀರಂಟದ ಬಣ್ಣ’, ‘ನೀರಂಟದ ಬಟ್ಟೆ’ ಎರಡೂ ಸಲೀಸಾಗಿ ಬರುತ್ತವೆ.

ಲೇಬಲ್ ಕುರಿತು ಒಂದು ಮಾತು. ಯುರೋಪಿನಲ್ಲಿ 2013ರಿಂದ ಸೌಂದರ್ಯವರ್ಧಕಗಳಲ್ಲಿ ನ್ಯಾನೊ ರೂಪದ ವಸ್ತುವಿದ್ದರೆ ಅದರ ಹೆಸರಿನ ನಂತರ ‘ನ್ಯಾನೊ’ ಎಂದು ನಮೂದಿಸಲೇಬೇಕು. ಬಿಸಿಲಿಗೆ ಹಚ್ಚುವ ಕ್ರೀಮಿನ ಸತುವಿನ ಆಕ್ಸೈಡ್ ಮುಖವನ್ನು ಬಿಳಿಚಿಸದೆ ಪಾರದರ್ಶಕವಾಗುವುದು ಕಣ ಚಿಕ್ಕದಾದಾಗ. ಅದು ಕೊಳ್ಳುವವರಿಗೆ ತಿಳಿಯಬೇಕು ಎಂಬುದು ಅಲ್ಲಿಯ ನಿಯಮ. ಅಲ್ಲಿ ಮಾಹಿತಿಯಾಗಿರುವ ಪದ ಇಲ್ಲಿ ಜಾಹೀರಾತಾಗಿದೆ. ಪದವನ್ನು ಅಳತೆಯಾಗಿಯೇ ಉಳಿಸಿಕೊಳ್ಳಬೇಕೆಂದು ನಾನು ಹಟ ಹಿಡಿಯಲು ಇದೂ ಕಾರಣ.

ಕೊನೆಯದಾಗಿ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಗೆಳೆಯರಲ್ಲಿ ಕೇಳಿಕೆ. ದೋಣಿಯ ತಳಕ್ಕೂ ಸಮುದ್ರದಲ್ಲಿ ಮೀನು ಸಾಕುವ ಪಂಜರದ ಬಲೆಗೂ ಚಿಪ್ಪು, ಪಾಚಿ ಕಟ್ಟಿಕೊಳ್ಳುತ್ತವೆ. ಬಲೆಯ ಕಣ್ಣು ಮುಚ್ಚಿದರೆ ನೀರಾಡದೆ ಮೀನು ಸೊರಗುತ್ತದೆ. ಇದನ್ನು ತಡೆಯಲು ತಾಮ್ರದ ಆಕ್ಸೈಡಿನ ನ್ಯಾನೊ ಕಣಗಳನ್ನು ಬಲೆಗೆ ಲೇಪಿಸಿ ನೋಡುವ ಕೆಲಸ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಹೀಗೆ ಕಟ್ಟಿಕೊಳ್ಳುವುದಕ್ಕೆ ನಿಮ್ಮ ಕಡೆಯ ಮೀನುಗಾರರು ಕನ್ನಡದಲ್ಲಾಗಲಿ ಕೊಂಕಣಿಯಲ್ಲಾಗಲಿ ಏನೆನ್ನುತ್ತಾರೆ? ಅದನ್ನು ಕೆರೆದು ತೆಗೆಯುವ ಕೆಲಸಕ್ಕೆ ಬೇರೆ ಕ್ರಿಯಾಪದವಿದೆಯೇ? ಬಂದರಿನಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ, ಊರಿನ ಹೆಸರಿನೊಂದಿಗೆ ಬರೆದು ಕಳುಹಿಸಿ.