ಸೆರಗನ್ನು ಮಾತ್ರ ಮುಟ್ಟಬೇಡ

ತಂಗೀ, ನಿನ್ನ ಸಂದೇಶ ಬೆಳಿಗ್ಗೆಯೇ ಕೇಳಿದೆ, ಆಗ ದೋಸೆ ಹೆಂಚಿನ ಮುಂದಿದ್ದೆ. ತಮ್ಮನ ಮದುವೆಗೆ ಪುಟ್ಟಿಗೆ ಅಮ್ಮನ ಮೈಸೂರು ರೇಷ್ಮೆ ಸೀರೆಯಲ್ಲೇ ಲಂಗ ಹೊಲಿಯಬೇಕು, ಆದರೆ ಕತ್ತರಿ ಹಾಕಲು ಕೈ ನಡುಗುತ್ತದೆ ಎಂದೆಯಲ್ಲ. ನಡುಗಲಿ ಬಿಡು. ಕೈ ನಡುಗದವರಿಗೆ ಆ ಸೀರೆ ಕೊಡುವುದೇ ಅಪಾಯ.

ಮೊದಲು ಫಾಲ್ ಬಿಚ್ಚಿ, ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿ. ಬೀರುವಿನಲ್ಲಿ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಗಟ್ಟಿಯಾಗಿದ್ದರೆ ಸೊಂಟಕ್ಕೆ ಸಿಕ್ಕಿಸುವ ಕಡೆಯಿಂದ ಎರಡು ಮೀಟರ್ ತೆಗೆದುಕೋ. ಏಳು ವರ್ಷದ ಹುಡುಗಿಯ ಲಂಗದ ನೆರಿಗೆಗೆ ಅಷ್ಟು ಸಾಕು. ರವಿಕೆಯೂ ಅದರ ಪಕ್ಕದ ಬಟ್ಟೆಯಲ್ಲೇ ಆಗುತ್ತದೆ. ಸೆರಗು ಇಡಿಯಾಗಿ ಉಳಿಯಲಿ.

ಉದ್ದದ ಲೆಕ್ಕ ಸರಿಯಾಗಿ ಕೇಳು. ಅಂಚೇ ಲಂಗದ ಬುಡ, ಅಲ್ಲಿ ಕತ್ತರಿ ಬೇಡ. ಸೊಂಟದಿಂದ ಪಾದಕ್ಕೆ 28 ಇಂಚು ಎಂದಿದ್ದೀಯ. ಸೊಂಟದ ಪಟ್ಟಿಗೆ ಒಂದು ಇಂಚು, ಪುಟ್ಟಿ ಬೆಳೆದಂತೆ ಬಿಚ್ಚಲು ಒಳಮಡಿಕೆಗೆ ಆರು ಇಂಚು, ಒಟ್ಟು 35. ಒಂದೂವರೆ ಇಂಚಿನ ಎರಡು ಮಡಿಕೆ ಹಾಕು, ಒಂದೊಂದೂ ಮೂರು ಇಂಚು ನುಂಗುತ್ತದೆ. ಕೆಳಗಿನ ಮಡಿಕೆಯ ಹೊಲಿಗೆ ಅಂಚಿನ ಗೆರೆಗೇ ತಾಗಿ ಬರಲಿ. ಬಿಚ್ಚಿದಾಗ ಸೂಜಿಯ ಗುರುತು ಜರಿಯ ಪಕ್ಕದಲ್ಲಿ ಮರೆಯಾಗುತ್ತದೆ. ನನ್ನ ಮಗಳ ಲಂಗವನ್ನು ದರ್ಜಿಗೆ ಕೊಟ್ಟಿದ್ದೆ, ಆ ಮಹಾನುಭಾವ ಬಟ್ಟೆ ಹೆಚ್ಚಾಯಿತೆಂದು ಮಡಿಕೆಯ ಭಾಗವನ್ನೇ ಕತ್ತರಿಸಿಟ್ಟಿದ್ದ! ಮುಂದಿನ ಯುಗಾದಿಗೆ ಅವಳ ಕಾಲ್ಗೆಜ್ಜೆಯ ಮೇಲೆ ನಾಲ್ಕು ಬೆರಳು ಬರಿಗಾಲು ಕಾಣುತ್ತಿತ್ತು. ಅದಕ್ಕೇ ನೀನೇ ಹೊಲಿ ಎನ್ನುತ್ತಿದ್ದೇನೆ.

ಲೈನಿಂಗ್‌ಗೆ ಹತ್ತಿ ಬಟ್ಟೆ, ಅದನ್ನು ಒಂದು ರಾತ್ರಿ ನೆನೆಸಿ ಒಣಗಿಸು. ಸೊಂಟದಲ್ಲಿ ಮಾತ್ರ ಜೋಡಿಸಿ ಕೆಳಗೆ ಬಿಡಿಯಾಗಿ ಬಿಡು. ಮೈಸೂರು ರೇಷ್ಮೆ ಕ್ರೇಪ್, ಅಂದರೆ ಹುರಿಹಾಕಿದ ಎಳೆಯ ಬಟ್ಟೆ, ಮೇಜಿನ ಮೇಲೆ ಹಾವಿನ ಹಾಗೆ ಜಾರುತ್ತದೆ. ಹಳೆಯ ಹತ್ತಿ ಸೀರೆ ಹಾಸಿ ಅದರ ಮೇಲೆ ಕತ್ತರಿಸು. ಮೆಷಿನ್‌ಗೆ ಹೊಸ ಸೂಜಿ, 9 ಅಥವಾ 11ನೇ ನಂಬರಿನದು. ಗುಂಡುಸೂಜಿಯನ್ನು ಹೊಲಿಗೆಯ ಆಚೆ ಒಳಗೆ ಉಳಿಯುವ ಬಟ್ಟೆಯಲ್ಲೇ ಚುಚ್ಚು. ಇಸ್ತ್ರಿ ಮಾಡುವಾಗ ಮೇಲೊಂದು ತೆಳು ಬಟ್ಟೆ ಹಾಸು. ಆ ಜರಿ ಬೆಳ್ಳಿಯ ಎಳೆ, ಮೇಲೆ ಚಿನ್ನದ ಲೇಪ. ಮದುವೆಯ ದಿನ ಪುಟ್ಟಿಗೆ ಲಂಗ ತೊಡಿಸಿದ ಮೇಲೆ ಸೆಂಟು ಹೊಡೆಯಬೇಡ, ಜರಿ ಕಪ್ಪಾಗುತ್ತದೆ.

ಅಮ್ಮಾ, ನೀನೂ ಈ ಗುಂಪಿನಲ್ಲಿದ್ದೀಯ, ಕೇಳಿಸಿಕೊಂಡು ಸುಮ್ಮನಿದ್ದೀಯ ಎಂದು ಗೊತ್ತು. ಭಾನುವಾರ ಅವಳು ಕತ್ತರಿ ಹಿಡಿಯುವ ಹೊತ್ತಿಗೆ ನೀನು ದೇವಸ್ಥಾನಕ್ಕೆ ಹೋಗಿ ಬಾ.