‘ಕಮಾನು’ ಅಂದರೆ ಪಟ್ಟಿ ಮಾತ್ರವಾ, ಸುರುಳಿಯೂ ಸೇರುತ್ತಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಮೇಲೆ ನನಗೂ ನನ್ನ ಸೋದರಮಾವನಿಗೂ ಫೋನಿನಲ್ಲಿ ಅರ್ಧ ಗಂಟೆ ವಾದ ನಡೆದಿದೆ. ಇನ್ನೂ ಇತ್ಯರ್ಥವಾಗಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಗ್ರೀಸು ಮೆತ್ತಿದ ಕತೆ, ಸಹಿಸಿಕೊಳ್ಳಿ.

ನಾನಿರುವುದು ಅಮೆರಿಕದ ಅರಿಜೋನಾದಲ್ಲಿ. ನನ್ನ ಹತ್ತಿರ 2013ರ ಟೊಯೋಟಾ ಟಕೋಮಾ ಪಿಕಪ್ ಇದೆ. ಅದರ ಮೂತಿ ಕೂತುಬಿಟ್ಟಿತ್ತು. ಬ್ರೇಕ್ ಒತ್ತಿದರೆ ಮುಗ್ಗರಿಸಿದ ಹಾಗೆ ಮುಂದಕ್ಕೆ ಬಗ್ಗುತ್ತಿತ್ತು, ಹಂಪ್ ಇಳಿದ ಮೇಲೂ ಎರಡು ಮೂರು ಸಲ ತೂಗಾಡುತ್ತಿತ್ತು. ಹೋದ ತಿಂಗಳು ಒಂದು ಶನಿವಾರ ಮನೆಯ ಗ್ಯಾರೇಜಿನಲ್ಲೇ ಕೂತು ಮುಂದಿನ ಎರಡೂ ಕಡೆಯ ಸ್ಪ್ರಿಂಗು, ಶಾಕಬ್ಸರ್ (ಶಾಕ್ ಅಬ್ಸಾರ್ಬರ್) ಮತ್ತು ಚಕ್ರದ ಕಡೆಯನ್ನು ಗಾಡಿಯ ಚಾಸಿಗೆ ಜೋಡಿಸುವ ಮೇಲಿನ ಆರ್ಮ್ ಬದಲಾಯಿಸಿದೆ. ಶನಿವಾರ ಅಂತ ಶುರುವಾದದ್ದು ಭಾನುವಾರ ಸಂಜೆ ಮುಗಿಯಿತು ಅನ್ನಿ. ಆ ಖುಷಿಯಲ್ಲಿ ಹಾಸನಕ್ಕೆ ಫೋನ್ ಮಾಡಿ, ‘ಮಾವ, ಗಾಡಿಯ ಮುಂದಿನ ಕಮಾನು ನಾನೇ ಬದಲಾಯಿಸಿದೆ’ ಎಂದೆ.

ಮಾವ ಮೂವತ್ತು ವರ್ಷ ಲಾರಿ ಓಡಿಸಿದವರು. ಶಿರಾಡಿ ಘಾಟಿಯ ತಿರುವಿನಲ್ಲಿ ಕಮಾನು ಕಟ್ಟಾಗಿ, ಲೋಡಿನ ಸಮೇತ ಮಳೆಯಲ್ಲಿ ರಾತ್ರಿ ಕಳೆದ ಕತೆಗಳು ಅವರ ಹತ್ತಿರ ಬೇಕಾದಷ್ಟಿವೆ.

‘ಎಷ್ಟು ಪ್ಲೇಟೋ?’ ಎಂದು ಕೇಳಿದರು. ಲಾರಿಯ ಕಮಾನು ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ಅವನ್ನೇ ಅವರು ಪ್ಲೇಟ್ ಅನ್ನುವುದು.

‘ಪ್ಲೇಟ್ ಇಲ್ಲ ಮಾವ, ಸುರುಳಿ ಸುತ್ತಿರುತ್ತೆ.’

‘ಹಂಗಾದ್ರೆ ಅದು ಕಮಾನಲ್ಲ ಕಣೋ, ಸ್ಪ್ರಿಂಗು. ಕಮಾನು ಅಂದ್ರೆ ಬಿಲ್ಲಿನ ಹಂಗೆ ಬಾಗಿರ್ಬೇಕು. ಸುಮ್ನೆ ಹೆಸರು ಕೆಡಿಸ್ಬೇಡ.’

ಇಲ್ಲಿಂದ ಶುರುವಾಯಿತು. ನನ್ನ ವಾದ ಏನೆಂದರೆ, ಕಮಾನು ಎನ್ನುವುದು ಮಾಡುವ ಕೆಲಸಕ್ಕೆ ಬಂದ ಹೆಸರು. ಭಾರ ಬಿದ್ದರೆ ಬಗ್ಗಬೇಕು, ಭಾರ ತೆಗೆದರೆ ಮೊದಲಿನ ಹಾಗೇ ಎದ್ದು ನಿಲ್ಲಬೇಕು, ಅಷ್ಟೇ. ಆಕಾರ ಪಟ್ಟಿಯದ್ದಾದರೇನು, ಸುರುಳಿಯದ್ದಾದರೇನು? ನಮ್ಮ ಅಜ್ಜ ಗೋಡೆ ಗಡಿಯಾರಕ್ಕೆ ಕೀ ಕೊಡುವಾಗ ನಾನು ಕೈ ಹಾಕಿದರೆ, ‘ಜಾಸ್ತಿ ತಿರುಗಿಸಬೇಡ, ಕಮಾನು ಮುರೀತದೆ’ ಎನ್ನುತ್ತಿದ್ದರು. ಗಡಿಯಾರದೊಳಗೆ ಇರುವುದು ಸುತ್ತಿದ ಪಟ್ಟಿ, ಬಿಲ್ಲಲ್ಲ. ಹಿಂದಿಯಲ್ಲೂ ಹಾಗೇ. ಅವರು ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗಿಗೆ ‘ಬಾಲ್ ಕಮಾನಿ’ ಎನ್ನುತ್ತಾರೆ. ಸ್ಪ್ರಿಂಗ್ ತಕ್ಕಡಿ ಅವರ ಶಾಲೆಯ ಪುಸ್ತಕದಲ್ಲಿ ‘ಕಮಾನೀದಾರ್ ತುಲಾ’. ಆ ತಕ್ಕಡಿಯ ಒಳಗಿರುವುದು ಪಕ್ಕಾ ಸುರುಳಿ. ಅವರಿಗೆ ಸಲ್ಲುವುದು ನಮಗೆ ಯಾಕೆ ಸಲ್ಲಬಾರದು?

ಮಾವನ ಪಕ್ಷವೂ ಹಗುರವೇನಲ್ಲ. ಪಾರ್ಸಿಯಲ್ಲಿ ಕಮಾನ್ ಅಂದರೆ ಬಿಲ್ಲೇ. ಕನ್ನಡಕ್ಕೆ ಬಂದ ಮೇಲೂ ಆ ಬಾಗು ಪದವನ್ನು ಬಿಟ್ಟಿಲ್ಲ. ಊರ ಬಾಗಿಲ ಕಮಾನು, ಸೇತುವೆಯ ಕಮಾನು, ಪಿಟೀಲಿನ ಕಮಾನು, ಎಲ್ಲವೂ ಬಿಲ್ಲಿನ ಬಳಗವೇ. ಇನ್ನು ಕಮಾನು ಗಾಡಿ. ನಮ್ಮ ಅಜ್ಜಿಯ ತವರಿನಲ್ಲಿ ಒಂದಿತ್ತಂತೆ. ಅದರ ಅಡಿಯಲ್ಲಿ ಸ್ಪ್ರಿಂಗೂ ಇರಲಿಲ್ಲ, ಏನೂ ಇರಲಿಲ್ಲ, ನೇರ ಅಚ್ಚಿನ ಮೇಲೆ ಕೂತ ಗಾಡಿ. ಕಮಾನು ಇದ್ದದ್ದು ಮೇಲೆ, ಬಿದಿರು ಬಗ್ಗಿಸಿ ಚಾಪೆ ಹೊದಿಸಿದ್ದು. ‘ನಿನ್ ಲೆಕ್ಕದಲ್ಲಿ ಅದೂ ಎಗರ್ತಿತ್ತೇನೋ?’ ಎಂದು ಮಾವ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಜ ಹೇಳಬೇಕೆಂದರೆ, ಗಾಡಿಯ ಕೆಳಗೆ ಮಲಗಿ ಕಂಡದ್ದನ್ನು ನೆನೆದರೆ ನಾನೂ ಅರ್ಧ ಮಾವನ ಕಡೆಗೇ ವಾಲುತ್ತೇನೆ. ಟಕೋಮಾದಲ್ಲಿ ಎರಡೂ ಇವೆ. ಮುಂದೆ ಸುರುಳಿ ಸ್ಪ್ರಿಂಗು, ಅದರ ಹೊಟ್ಟೆಯೊಳಗೆ ತೂರಿಸಿದ ಶಾಕಬ್ಸರ್. ಹಿಂದೆ ಲಾರಿಯ ಹಾಗೇ ಒಂದರ ಮೇಲೊಂದು ಜೋಡಿಸಿ ಯು ಬೋಲ್ಟ್ ಬಿಗಿದ ಪಟ್ಟಿಗಳು. ಎರಡಕ್ಕೂ ಕಮಾನು ಎಂದೇ ಕರೆದರೆ ಅಂಗಡಿಗೆ ಫೋನ್ ಮಾಡಿದಾಗ ಬೇರೇನೋ ಬಂದು ಬೀಳುತ್ತದೆ. ಮಾವನಿಗೆ ಈ ತೊಂದರೆ ಬಂದಿಲ್ಲ, ಯಾಕೆಂದರೆ ಅವರ ಲಾರಿಯಲ್ಲಿ ಮುಂದೂ ಪಟ್ಟಿ, ಹಿಂದೂ ಪಟ್ಟಿ. ಮಲೆನಾಡಿನ ಹಳೇ ಜೀಪುಗಳಲ್ಲೂ ಹಾಗೇ. ಸುರುಳಿ ನಮ್ಮ ಕಡೆ ಬಂದದ್ದು ಹೆಚ್ಚಾಗಿ ಕಾರಿನ ಜೊತೆಗೆ, ಸ್ಪ್ರಿಂಗ್ ಎನ್ನುವ ಹೆಸರನ್ನೂ ಹೊತ್ತುಕೊಂಡೇ ಬಂತು ಅನ್ನುವುದು ನನ್ನ ಊಹೆ. ಅಂದರೆ ಕನ್ನಡದಲ್ಲಿ ಪಟ್ಟಿಗೆ ಕಮಾನು, ಸುರುಳಿಗೆ ಸ್ಪ್ರಿಂಗು ಎಂದು ತಾನಾಗಿಯೇ ಹಂಚಿಕೆ ಆಗಿಹೋಗಿದೆಯಾ? ಇದೇ ನನ್ನ ಮೊದಲ ಪ್ರಶ್ನೆ. ನಿಮ್ಮ ಊರಿನ ಮೆಕ್ಯಾನಿಕ್ಕು, ಡ್ರೈವರು ಏನಂತಾರೆ ಹೇಳಿ. ಮರಾಠಿಯಲ್ಲಿ ಪಟ್ಟಿಯ ಸ್ಪ್ರಿಂಗಿಗೆ ‘ಕಮಾನ್ ಪಾಟಾ’ ಎನ್ನುವ ಮಾತಿದೆ. ಬೆಳಗಾವಿ, ಹುಬ್ಬಳ್ಳಿ ಕಡೆಯವರು ಏನೆನ್ನುತ್ತೀರಿ?

ಸುರುಳಿಗೆ ನಮ್ಮದೇ ಒಂದು ಪದ ಹೊಳೆಯಿತು. ನಗಬೇಡಿ. ಸಿಂಬೆ. ಬಿಂದಿಗೆ ಹೊರುವಾಗ ತಲೆಗೂ ಬಿಂದಿಗೆಗೂ ನಡುವೆ ಇಡುವ ಸುತ್ತಿದ ಬಟ್ಟೆ. ಸುರುಳಿಯೂ ಹೌದು, ಭಾರದ ಪೆಟ್ಟು ತಲೆಗೆ ತಾಗದಂತೆ ತಡೆಯುವುದೂ ಹೌದು. ಇದಕ್ಕಿಂತ ಒಳ್ಳೆಯ ಹೆಸರು ಆ ಸ್ಪ್ರಿಂಗಿಗೆ ಎಲ್ಲಿ ಸಿಗುತ್ತದೆ? ಆದರೆ ಅಂಗಡಿಯಲ್ಲಿ ‘ಸಿಂಬೆ ಕೊಡಿ’ ಎಂದರೆ ಯಾರೂ ಕೊಡುವುದಿಲ್ಲ ಅಂತ ನನಗೂ ಗೊತ್ತು.

ಎರಡನೆಯದು ಸಸ್ಪೆನ್ಶನ್, ಅಂದರೆ ಸ್ಪ್ರಿಂಗು, ಶಾಕಬ್ಸರ್, ಆರ್ಮ್ ಎಲ್ಲ ಸೇರಿದ ಏರ್ಪಾಡು. ಕೆಲಸಕ್ಕೆ ಮುಂಚೆ ಕನ್ನಡದಲ್ಲಿ ಏನಾದರೂ ಓದಲು ಸಿಗುತ್ತದಾ ಎಂದು ಹುಡುಕಿದಾಗ ಒಂದು ಪುಟ ಸಿಕ್ಕಿತು, ಯಂತ್ರದ ಅನುವಾದ ಅಂತ ಮೊದಲ ಸಾಲಿಗೇ ಗೊತ್ತಾಗುತ್ತದೆ. ಅದರಲ್ಲಿ ‘ಮುಂಭಾಗದ ಅಮಾನತು’ ಎಂದಿತ್ತು. ನನ್ನ ಟಕೋಮಾ ಲಂಚ ತಿಂದು ಸಿಕ್ಕಿಬಿದ್ದ ಗುಮಾಸ್ತನ ಹಾಗೆ ಕಂಡಿತು. (ಅಮಾನತ್ ಮೂಲದಲ್ಲಿ ನಂಬಿಕೆಯಿಂದ ಒಪ್ಪಿಸಿದ ವಸ್ತು, ಇಡುಗಂಟು. ಅದು ಕನ್ನಡದಲ್ಲಿ ಕೆಲಸದಿಂದ ದೂರ ಇಡುವುದಕ್ಕೆ ಹೇಗೆ ಬಂತು ಅನ್ನುವುದೇ ಬೇರೆ ಒಂದು ಪದಚರ್ಚೆ.) ಇಂಗ್ಲಿಷಿನ ಮೂಲಾರ್ಥ ತೂಗುಹಾಕುವುದು. ಯುರೋಪಿನ ಹಳೇ ಕುದುರೆಗಾಡಿಗಳಲ್ಲಿ ಜನ ಕೂರುವ ಪೆಟ್ಟಿಗೆಯನ್ನು ಚರ್ಮದ ಪಟ್ಟಿಗಳಿಂದ ನಿಜವಾಗಿಯೂ ನೇತುಹಾಕಿರುತ್ತಿದ್ದರು, ನಮ್ಮ ತೊಟ್ಟಿಲಿನ ಹಾಗೆ. ಪಟ್ಟಿ ಹೋಗಿ ಸ್ಪ್ರಿಂಗ್ ಬಂದರೂ ಹೆಸರು ಉಳಿಯಿತು. ಸೇತುವೆಗೆ ನಾವು ತೂಗುಸೇತುವೆ ಎಂದು ಚೆನ್ನಾಗಿಯೇ ಕರೆದಿದ್ದೇವೆ. ಗಾಡಿಗೆ ‘ತೂಗು’ ಹೊಂದುತ್ತದಾ? ಈಗ ಅಲ್ಲಿ ಏನೂ ತೂಗುತ್ತಿಲ್ಲ, ಎಲ್ಲ ಹೊತ್ತು ನಿಂತಿದೆ. ನನಗೇನೋ ಸಸ್ಪೆನ್ಶನ್ನೇ ವಾಸಿ ಅನ್ನಿಸುತ್ತದೆ.

ಶಾಕಬ್ಸರ್ ವಿಷಯದಲ್ಲಿ ಮಾತ್ರ ಒಂದು ತಕರಾರು ಇದೆ. ಕೆಲವು ಕಡೆ ‘ಆಘಾತ ಹೀರುಕ’ ಎಂದು ಬರೆಯುತ್ತಾರೆ. ಹೊಂಡದ ಪೆಟ್ಟನ್ನು ಮೊದಲು ತಿನ್ನುವುದು ಸ್ಪ್ರಿಂಗು. ತಿಂದ ಮೇಲೆ ಅದು ಕುಣಿಯುತ್ತಲೇ ಇರುತ್ತದೆ, ಆ ಕುಣಿತ ನಿಲ್ಲಿಸುವುದು ಶಾಕಬ್ಸರ್. ಕೊಳವೆಯೊಳಗೆ ಎಣ್ಣೆ, ಎಣ್ಣೆಯೊಳಗೆ ಸಣ್ಣ ತೂತುಗಳ ಪಿಸ್ಟನ್. ತೂತಿನಲ್ಲಿ ಎಣ್ಣೆ ನುಸುಳಲು ಹೊತ್ತು ಬೇಕಲ್ಲ, ಅದೇ ತಡೆ. ಇಂಗ್ಲೆಂಡಿನವರು ಇದಕ್ಕೆ ಡ್ಯಾಂಪರ್ ಎನ್ನುತ್ತಾರೆ, ಅಂದರೆ ಕುಣಿತ ತಗ್ಗಿಸುವುದು, ಅದು ಸರಿಯಾದ ಹೆಸರು. ತಪ್ಪು ಹೆಸರನ್ನೇ ಪದಕ್ಕೆ ಪದ ತಿರುಗಿಸಿ ಗಂಭೀರ ಮಾಡುವುದಕ್ಕಿಂತ ಶಾಕಬ್ಸರ್ ಎಷ್ಟೋ ಮೇಲು. ಅದನ್ನು ನಮ್ಮ ಗ್ಯಾರೇಜಿನವರು ಈಗಾಗಲೇ ಕನ್ನಡ ಮಾಡಿಕೊಂಡಿದ್ದಾರೆ.

ಬಿಚ್ಚುವಾಗ ಹಳೇ ಗಾಡಿಯ ಪದಗಳು ಮಾತ್ರ ಒಂದೊಂದೇ ನೆನಪಾದವು. ಮೇಲಿನ ಆರ್ಮಿನ ತುದಿಯಲ್ಲಿ ಬಾಲ್ ಜಾಯಿಂಟ್ ಇರುತ್ತದೆ, ಗುಂಡು ಕೀಲು ಅನ್ನಬಹುದು. ಅದರ ನಟ್ಟು ಸಡಿಲ ಆಗದಂತೆ ಅಡ್ಡ ತೂರಿಸಿದ ಸಣ್ಣ ತಂತಿ, ಕಾಟರ್ ಪಿನ್. ಎತ್ತಿನ ಗಾಡಿಯಲ್ಲಿ ಚಕ್ರ ಕಳಚದಂತೆ ಹಾಕುವ ಕಡಾಣಿಯ ತಮ್ಮನೇ ಇದು. ಪಿನ್ ಎಳೆದು ನಟ್ಟು ಸಡಿಲಿಸಿದರೂ ಕೀಲು ಬಿಡಲಿಲ್ಲ. ಅದು ಕೂತ ಗೆಣ್ಣಿನ (ಚಕ್ರ ಹಿಡಿದಿರುವ ಲೋಹದ ತುಂಡು, ನಕಲ್) ಪಕ್ಕಕ್ಕೆ ಸುತ್ತಿಗೆಯಿಂದ ಬಡಿದು ಬಡಿದು ಹತ್ತೊಂಬತ್ತನೆಯದೋ ಇಪ್ಪತ್ತನೆಯದೋ ಏಟಿಗೆ ಠಪ್ ಎಂದು ಕಳಚಿತು. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಉಳಿಸಿಕೊಂಡಿದ್ದೆ, ಇಲ್ಲದಿದ್ದರೆ ಆರ್ಮ್ ಎಗರಿ ಮುಖಕ್ಕೇ ಬರುತ್ತಿತ್ತು. ಆರ್ಮಿನ ಉದ್ದದ ಬೋಲ್ಟ್ ಹೊರಗೆ ಬರಲು ಜಾಗ ಸಾಲದೆ, ಒಳಗಿನ ತಗಡಿನ ಅಂಚನ್ನೇ ಬಗ್ಗಿಸಬೇಕಾಯಿತು. ಸುರುಳಿಯನ್ನು ಒತ್ತಿ ಬಿಗಿದು ಶಾಕಬ್ಸರ್ ಮೇಲೆ ಕೂರಿಸುವ ಸಾಹಸಕ್ಕೆ ನಾನು ಕೈ ಹಾಕಲಿಲ್ಲ. ಬಿಗಿದ ಸ್ಪ್ರಿಂಗು ಜಾರಿದರೆ ಕೈ ಹೋಗುತ್ತದೆ, ಅದಕ್ಕೇ ಜೋಡಿಸಿಕೊಟ್ಟದ್ದನ್ನೇ ತರಿಸಿದ್ದೆ.

ಕೊನೆಗೆ ಒಂದು ಎಡವಟ್ಟು. ಆರ್ಮಿನ ಬುಡದ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲೆ ಇದ್ದಾಗಲೇ ಪೂರ್ತಿ ಬಿಗಿದುಬಿಟ್ಟಿದ್ದೆ. ಹಾಗೆ ಮಾಡಿದರೆ ಗಾಡಿ ಕೆಳಗಿಳಿದ ಕೂಡಲೇ ಒಳಗಿನ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಮತ್ತೆ ಸಡಿಲಿಸಿ, ಚಕ್ರ ನೆಲ ಮುಟ್ಟಿದ ಮೇಲೆ ಬಿಗಿದೆ. ಮಾರನೇ ದಿನ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿದೆ.

ಮೂರನೇ ಪ್ರಶ್ನೆ ಇದು. ಮಾವ ಫೋನ್ ಇಡುವ ಮುಂಚೆ ‘ಕಂಪನಿ ಮಾಲಾ, ಡೂಪ್ಲಿಕೇಟಾ?’ ಎಂದರು. ಎರಡೂ ಅಲ್ಲ. ಗಾಡಿ ಮಾಡಿದ ಕಂಪನಿಯದ್ದಲ್ಲ, ಹಾಗಂತ ಕಳಪೆಯೂ ಅಲ್ಲ. ಬೇರೆ ತಯಾರಕರು ತಮ್ಮದೇ ಹೆಸರಿನಲ್ಲಿ ಮಾಡಿ ಮಾರುವ, ಎಷ್ಟೋ ಸಲ ಕಂಪನಿಯದ್ದಕ್ಕಿಂತ ದುಬಾರಿಯಾದ ಮಾಲು. ಇಲ್ಲಿ ಆಫ್ಟರ್‌ಮಾರ್ಕೆಟ್ ಎನ್ನುತ್ತಾರೆ. ನಮ್ಮಲ್ಲಿ ಕಂಪನಿಯದ್ದಲ್ಲದ್ದೆಲ್ಲ ಡೂಪ್ಲಿಕೇಟ್, ಇಲ್ಲಾಂದ್ರೆ ಲೋಕಲ್. ಎರಡರಲ್ಲೂ ಒಂದು ಅನುಮಾನ ಇದೆ, ಅಲ್ವಾ? ‘ಹೊರಗಿನ ಮಾಲು’ ಎಂದು ಹೇಳಿ ನೋಡಿದೆ, ‘ಫಾರಿನ್ನಾ?’ ಎಂದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಅಭ್ಯಾಸ ಇರುವವರು ಯಾರಾದರೂ ಇದ್ದರೆ, ಅಲ್ಲಿ ಇದಕ್ಕೆ ಅನುಮಾನ ಬೆರೆಯದ ಮಾತು ಇದೆಯಾ ಎಂದು ದಯವಿಟ್ಟು ತಿಳಿಸಿ.

ಇದನ್ನು ಬರೆಯುವ ಹೊತ್ತಿಗೆ ಮಾವನಿಗೆ ಗಾಡಿಯ ಅಡಿಯ ನಾಲ್ಕು ಫೋಟೋ ಕಳಿಸಿದ್ದೆ. ಮೂರಕ್ಕೆ ಏನೂ ಹೇಳಲಿಲ್ಲ. ನಾಲ್ಕನೆಯದು ಹಿಂದಿನ ಪಟ್ಟಿಗಳದ್ದು. ಅದಕ್ಕೆ ಬಂದ ಉತ್ತರ: ‘ಇದು ಕಮಾನು. ಇದನ್ಯಾಕೋ ಬಿಟ್ಟೆ?’